ಒಂದು ಅರ್ಜಿಗೆ ಎಷ್ಟು ಖರ್ಚು?

(ಹಾಸನೂರಿನಲ್ಲಿ ಗಡಿ ತಾಲ್ಲೂಕುಗಳ ಯುವಜನರ ಮುಂದೆ ಆಡಿದ ಮಾತಿನ ಬರಹ ರೂಪ)

 

ಇವತ್ತು ಧ್ವಜದ ಮಾತಿಲ್ಲ, ಗಡಿ ಆಯೋಗದ ಮಾತೂ ಇಲ್ಲ. ಖರ್ಚಿನ ಮಾತು. ದುಬಾರಿ ಬದುಕು ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಅತ್ತಿಬೆಲೆ, ಬೊಮ್ಮಸಂದ್ರ, ಹೊಸೂರು, ತಿರುಪ್ಪೂರು. ನಮ್ಮಲ್ಲಿ ಅರ್ಧ ಜನರ ಅಣ್ಣತಮ್ಮಂದಿರು ಅಲ್ಲೇ ಒಂದು ರೂಮಲ್ಲಿ ನಾಲ್ಕು ಜನ ಮಲಗಿ, ಬಾಡಿಗೆ ಕಟ್ಟಿ, ಉಳಿದದ್ದನ್ನು ಊರಿಗೆ ಕಳಿಸ್ತಾರೆ. ಊರಲ್ಲಿದ್ದರೆ ಖರ್ಚು ಕಮ್ಮಿ ಅನ್ನೋ ನಂಬಿಕೆ ನಮಗೆಲ್ಲ ಇದೆ. ಆದರೆ ಈ ಬೆಟ್ಟದ ಮೇಲೆ ಮನೆಮನೆಗೆ ಹೋಗಿ ‘ಬದುಕು ಸುಧಾರಿಸಬೇಕಾದರೆ ಮೊದಲು ಏನಾಗಬೇಕು’ ಅಂತ ಕೇಳಿದರೆ, ಬರುವ ಉತ್ತರ ಆ ನಂಬಿಕೆಯನ್ನು ಅಲ್ಲಾಡಿಸುತ್ತದೆ. ಅಕ್ಕಿ ಬೆಲೆ, ಎಣ್ಣೆ ಬೆಲೆ ಅಂತ ಯಾರೂ ಮೊದಲು ಹೇಳಲ್ಲ. ರೇಷನ್ ಅಕ್ಕಿ ಬರುತ್ತದೆ. ಬಸ್ಸು ಅಂತಾರೆ. ಆಸ್ಪತ್ರೆ ಅಂತಾರೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಫೀಸಲ್ಲಿ ನಮ್ಮ ಮಾತು ಅರ್ಥ ಆಗೋರು ಒಬ್ಬರಿದ್ರೆ ಸಾಕು ಕಣ್ರಪ್ಪ’ ಅಂತಾರೆ. ಈ ಮೂರನೆಯ ಮಾತನ್ನು ನಾವು ಖರ್ಚಿನ ಲೆಕ್ಕಕ್ಕೆ ಸೇರಿಸೋದೇ ಇಲ್ಲ. ಸೇರಿಸಬೇಕು ಅನ್ನೋದೇ ನಾವಿಲ್ಲಿ ಹೇಳೋಕೆ ಬಂದ ವಿಷಯ.

ಮೊದಲು ನೆಲದ ಹಿನ್ನೆಲೆ ಎರಡು ಮಾತಿನಲ್ಲಿ. 1956ರ ನವೆಂಬರ್ 1ರವರೆಗೆ ಪಕ್ಕದ ಕೊಳ್ಳೇಗಾಲವೂ ನಮ್ಮಂತೆ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಭಾಷಾವಾರು ವಿಂಗಡಣೆಯಲ್ಲಿ ಅದು ಮೈಸೂರಿಗೆ ಹೋಯಿತು, ನಮ್ಮ ಬೆಟ್ಟ ಇಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಪೆರಿಯಾರ್ ಜಿಲ್ಲೆ ಬೇರೆಯಾಯಿತು, ಅದೇ ಇವತ್ತಿನ ಈರೋಡು. 2016ರಲ್ಲಿ ಸತ್ಯಮಂಗಲದಿಂದ ತಾಳವಾಡಿಯನ್ನು ಬೇರೆ ತಾಲ್ಲೂಕು ಮಾಡಿದರು. ತಾಲ್ಲೂಕು ಕಚೇರಿ ಹತ್ತಿರ ಬಂದದ್ದು ನಿಜವಾದ ಲಾಭ, ಅದನ್ನು ಒಪ್ಪಿಕೊಳ್ಳೋಣ. ಆದರೂ ಹಾಸನೂರಿನವರು ಹೆದ್ದಾರಿ ಹಿಡಿದು ತಮ್ಮ ತಾಲ್ಲೂಕು ಕಚೇರಿಗೆ ಹೋಗಬೇಕಾದರೆ ಕಾರಪಳ್ಳದ ಚೆಕ್‌ಪೋಸ್ಟ್ ದಾಟಿ, ಕರ್ನಾಟಕದ ನೆಲ ತುಳಿದು, ಮತ್ತೆ ತಮಿಳುನಾಡಿನೊಳಕ್ಕೆ ಹೊಕ್ಕಬೇಕು. ಸ್ವಂತ ತಾಲ್ಲೂಕಿಗೆ ಬೇರೆ ರಾಜ್ಯದ ಮೇಲೆ ಹಾದು ಹೋಗೋದು ನಮಗೆ ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ಹೊರಗಿನವರು ಕೇಳಿ ನಕ್ಕಾಗಲೇ ಇದು ವಿಚಿತ್ರ ಅಂತ ಹೊಳೆಯೋದು.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಅವ್ವನಿಗೆ ವಿಧವಾ ಪಿಂಚಣಿ ನಿಂತುಹೋಗಿದೆ ಅಂದುಕೊಳ್ಳಿ. ಅಥವಾ ಒಬ್ಬ ಅಪ್ಪನ ಪಟ್ಟಾದಲ್ಲಿ ಹೆಸರು ತಪ್ಪಾಗಿ ಬಿದ್ದಿದೆ. ‘ಕೃಷ್ಣೇಗೌಡ’ನನ್ನು ತಮಿಳು ಅಕ್ಷರದಲ್ಲಿ ಬರೆದು, ಅದನ್ನು ಮತ್ತೆ ಇಂಗ್ಲಿಷಿಗೆ ತಂದಾಗ ಆಧಾರ್‌ನಲ್ಲಿ ಒಂದು ಹೆಸರು, ಚಿಟ್ಟಾದಲ್ಲಿ ಇನ್ನೊಂದು. ಇಂಥದ್ದು ಯಾರ ಮನೆಯಲ್ಲಿ ಆಗಿಲ್ಲ ಹೇಳಿ? ಇದನ್ನು ಸರಿ ಮಾಡಿಸೋಕೆ ಅರ್ಜಿ ತಮಿಳಿನಲ್ಲಿ ಇರಬೇಕು ಅಂತಾರೆ. ಅವ್ವನಿಗೆ ತಮಿಳು ಮಾತು ಬರುತ್ತದೆ, ಬರಹ ಬರಲ್ಲ. ಬರೆದುಕೊಡೋರಿಗೆ ದುಡ್ಡು. ಅವರು ಏನು ಬರೆದರು ಅಂತ ಓದಿ ಹೇಳೋಕೆ ಇನ್ನೊಬ್ಬರು, ಅವರಿಗೆ ಕಾಫಿ ತಿಂಡಿ. ತಾಲ್ಲೂಕಲ್ಲಿ ಆಗಲಿಲ್ಲ ಅಂದರೆ ಸೋಮವಾರ ಈರೋಡಿನ ಕಲೆಕ್ಟರ್ ಕಚೇರಿಯ ಕುಂದುಕೊರತೆ ದಿನಕ್ಕೆ ಹೋಗಬೇಕು. ಇಲ್ಲಿಂದ ದಿಂಬಂನ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿ ಈರೋಡು ತಲುಪೋ ಹೊತ್ತಿಗೆ ನೂರು ಕಿಲೋಮೀಟರ್ ಮೀರುತ್ತದೆ. ತಾಳವಾಡಿಯವರಿಗೆ ಇನ್ನೂ ಹೆಚ್ಚು. ಒಂಟಿಯಾಗಿ ಹೋಗೋ ಧೈರ್ಯ ಇಲ್ಲದೆ ಮಗನನ್ನೋ ಸೊಸೆಯನ್ನೋ ಕರ್ಕೊಂಡು ಹೋದರೆ ಎರಡು ಟಿಕೆಟ್, ಎರಡು ಊಟ, ಎರಡು ದಿನಗೂಲಿ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ತಮಿಳುನಾಡಿಗೆ ಗೊತ್ತುಮಾಡಿದ ಕೂಲಿ ದಿನಕ್ಕೆ 336 ರೂಪಾಯಿ. ಆ ಲೆಕ್ಕದಲ್ಲೇ ಎರಡು ಕೂಲಿ ಅಂದರೆ 672. ಅದರ ಮೇಲೆ ಬಸ್ಸು, ಊಟ, ಬರವಣಿಗೆ, ಜೆರಾಕ್ಸ್. ಇಷ್ಟೆಲ್ಲ ಆಗಿ ಅಲ್ಲಿ ‘ಈ ಕಾಗದ ಇಲ್ಲ, ಮುಂದಿನ ವಾರ ಬನ್ನಿ’ ಅಂದರೆ? ತಿಂಗಳಿಗೆ ಬರಬೇಕಾದ ಪಿಂಚಣಿ ಬಿಡಿಸಿಕೊಳ್ಳೋಕೆ ಆ ಪಿಂಚಣಿಯಷ್ಟೇ ಖರ್ಚಾಗುತ್ತದೆ. ಬಹಳಷ್ಟು ಜನ ಕೈಬಿಡುತ್ತಾರೆ. ಆಮೇಲೆ ಸರ್ಕಾರದ ಕಡತದಲ್ಲಿ ನಮ್ಮ ಊರಿಂದ ದೂರೇ ಇಲ್ಲ ಅಂತ ಇರುತ್ತದೆ. ನಮಗೆ ಅತಿ ಹೆಚ್ಚು ಸಿಟ್ಟು ಬರಿಸೋದು ಇದೇ.

ಬೆಂಗಳೂರಿನ ಹೊರವಲಯದಲ್ಲಿ ಬಾಡಿಗೆ ದುಬಾರಿ. ಇಲ್ಲಿ ಹಕ್ಕು ದುಬಾರಿ.

ಹಾಗಾದರೆ ಅರ್ಜಿ ತಮಿಳಿನಲ್ಲೇ ಇರಬೇಕಾ? ಸಂವಿಧಾನದ 350ನೆಯ ವಿಧಿ ಓದಿ. ಕುಂದುಕೊರತೆ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಲು ಪ್ರತಿಯೊಬ್ಬ ವ್ಯಕ್ತಿಗೂ ಹಕ್ಕಿದೆ. ಈ ಬೆಟ್ಟದಲ್ಲಿ ಬಳಕೆಯಲ್ಲಿರುವ ಭಾಷೆ ಯಾವುದು ಅಂತ ಸಂತೆಯಲ್ಲಿ ಐದು ನಿಮಿಷ ನಿಂತರೆ ಗೊತ್ತಾಗುತ್ತದೆ. ಇನ್ನೊಂದು, 1961ರ ಮುಖ್ಯಮಂತ್ರಿಗಳ ಸಮ್ಮೇಳನ ಒಪ್ಪಿದ ಮಾತು: ಜಿಲ್ಲೆಯಲ್ಲೋ ತಾಲ್ಲೂಕಿನಂಥ ಅದಕ್ಕಿಂತ ಚಿಕ್ಕ ಭಾಗದಲ್ಲೋ ಜನಸಂಖ್ಯೆಯ ಶೇ. 15ರಷ್ಟಾದರೂ ಆಡುವ ಅಲ್ಪಸಂಖ್ಯಾತ ಭಾಷೆಗೆ ಮುಖ್ಯ ನಿಯಮ, ಪ್ರಕಟಣೆಗಳನ್ನು ಅನುವಾದಿಸಿ ಹಾಕಬೇಕು. ಇದಕ್ಕೆ ಕಾನೂನಿನ ಬಲ ಇಲ್ಲ, ಒಪ್ಪಂದದ ಬಲ ಮಾತ್ರ. ಆದರೂ ಕೇಳೋಕೆ ಅದೊಂದು ಆಧಾರ. ಇದೆಲ್ಲ ನಡೆಯುತ್ತಿದೆಯಾ ಅಂತ ನೋಡೋಕೆ 350ಬಿ ವಿಧಿಯ ಪ್ರಕಾರ 1957ರಿಂದ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ, ಅವರ ಪ್ರಾದೇಶಿಕ ಕಚೇರಿ ಚೆನ್ನೈನಲ್ಲೂ ಇದೆ.

ಇಲ್ಲಿ ಒಂದು ಎಚ್ಚರಿಕೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲಿ ಹಾಕಿ ಜಗಳಕ್ಕೆ ನಿಲ್ಲಬೇಡಿ. ಆ ಕಾಯ್ದೆಯ 6ನೆಯ ಸೆಕ್ಷನ್ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಅಂತ ಹೇಳುತ್ತದೆ, ನಮ್ಮಲ್ಲಿ ಅದು ತಮಿಳು. ಅದನ್ನು ತಮಿಳಲ್ಲೋ ಇಂಗ್ಲಿಷಲ್ಲೋ ಹಾಕಿ. ಮನವಿಯನ್ನು ಮಾತ್ರ ಕನ್ನಡದಲ್ಲಿ ಕೊಡಿ. ಎಲ್ಲಿ ಕಾನೂನು ನಮ್ಮ ಕಡೆ ಇದೆಯೋ ಅಲ್ಲಿ ಬಿಗಿಯಾಗಿ ನಿಲ್ಲೋಣ, ಇಲ್ಲದ ಕಡೆ ಸುಮ್ಮನೆ ಸಮಯ ಕಳೆಯೋದು ಬೇಡ.

ಬಸ್ಸಿನ ಮಾತು. ನಮ್ಮ ಸಂತೆ, ಮದುವೆ ಬಟ್ಟೆ, ಡಾಕ್ಟರು, ನೆಂಟರು ಬಹುಪಾಲು ಚಾಮರಾಜನಗರದಲ್ಲಿ. 2023ರ ಜೂನ್ 11ರಿಂದ ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅಲ್ಲಿನ ಹೆಂಗಸರಿಗೆ ಪ್ರಯಾಣ ಉಚಿತ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ಹಾಗಾಗಿ ಒಂದೇ ಸೀಟಲ್ಲಿ ಅಕ್ಕತಂಗಿ ಕೂತಿರುತ್ತಾರೆ. ಗಡಿಯಾಚೆಗೆ ಮದುವೆಯಾಗಿ ಹೋದ ಅಕ್ಕನಿಗೆ ಶೂನ್ಯ ಟಿಕೆಟ್, ಇಲ್ಲೇ ಉಳಿದ ತಂಗಿಗೆ ದುಡ್ಡಿನ ಟಿಕೆಟ್. ಕರ್ನಾಟಕವನ್ನು ಬೈಯೋಕೆ ಇದನ್ನು ಹೇಳುತ್ತಿಲ್ಲ. ಅಲ್ಲಿನವರ ತೆರಿಗೆ, ಅಲ್ಲಿನವರಿಗೆ ಯೋಜನೆ, ಸರಿಯೇ. ಆದರೆ ವೇದಿಕೆ ಮೇಲೆ ‘ಗಡಿನಾಡ ಕನ್ನಡಿಗರು ನಮ್ಮ ಕರುಳಬಳ್ಳಿ’ ಅನ್ನುವವರಿಗೆ, ಗಡಿ ತಾಲ್ಲೂಕಿನಿಂದ ಪಕ್ಕದ ಜಿಲ್ಲಾ ಕೇಂದ್ರದವರೆಗಾದರೂ ಒಂದು ರಿಯಾಯಿತಿ ಪಾಸು ಕೊಡಿ ಅಂತ ಕೇಳೋದರಲ್ಲಿ ತಪ್ಪಿಲ್ಲ. ಸನ್ಮಾನದ ಶಾಲಿಗಿಂತ ಅದು ಹೆಚ್ಚು ದಿನ ಬಾಳಿಕೆ ಬರುತ್ತದೆ. ಕೂಲಿಯೂ ಹಾಗೇ. ಅದೇ 2025-26ರ ಪಟ್ಟಿಯಲ್ಲಿ ಕರ್ನಾಟಕಕ್ಕೆ 370 ರೂಪಾಯಿ ಇದೆ. ಬೇಲಿಯ ಆಚೆ ಈಚೆ ಅದೇ ಮಣ್ಣು, ಅದೇ ಗುದ್ದಲಿ, ದಿನಕ್ಕೆ 34 ರೂಪಾಯಿ ವ್ಯತ್ಯಾಸ.

ಆಸ್ಪತ್ರೆಯ ವಿಷಯ ಹೆಚ್ಚು ಎಳೆಯಲ್ಲ, ನಿಮಗೇ ಗೊತ್ತು. ಗಂಭೀರ ಕಾಯಿಲೆ ಅಂದರೆ ಒಂದೋ ಘಾಟಿ ಇಳಿಯಬೇಕು, ಇಲ್ಲ ಗಡಿ ದಾಟಬೇಕು. ನಮ್ಮ ಕೈಯಲ್ಲಿರೋ ವಿಮೆ ಕಾರ್ಡು ಗಡಿಯಾಚೆಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಅಂತ ಕಾಯಿಲೆ ಬರೋ ಮೊದಲೇ ವಿಚಾರಿಸಿ, ಪಂಚಾಯಿತಿ ಗೋಡೆ ಮೇಲೆ ಕನ್ನಡದಲ್ಲಿ ಬರೆದು ಹಾಕಿಸಬೇಕು. ಇದು ಕೋಟಿ ರೂಪಾಯಿ ಯೋಜನೆ ಅಲ್ಲ, ಒಂದು ಡಬ್ಬ ಬಣ್ಣದ ಕೆಲಸ.

ಕಾಡಿನ ವಿಷಯಕ್ಕೆ ಬಂದರೆ ಜನರಲ್ಲೇ ಎರಡು ಅಭಿಪ್ರಾಯ ಇದೆ, ಅದನ್ನು ಮುಚ್ಚಿಡಬಾರದು. 2013ರಲ್ಲಿ ಸತ್ಯಮಂಗಲ ಹುಲಿ ಮೀಸಲು ಪ್ರದೇಶವಾಯಿತು. 2022ರ ಫೆಬ್ರವರಿ 10ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಘಾಟಿಯಲ್ಲಿ ರಾತ್ರಿ ಸಂಚಾರ ನಿರ್ಬಂಧ ಬಂತು. ಕೋಸು, ಟೊಮೊಟೊ, ಆಲೂಗಡ್ಡೆ ಬೆಳೆಯೋರು ಬೀದಿಗಿಳಿದರು. ಸಂಜೆ ಕುಯ್ದ ತರಕಾರಿ ಬೆಳಗಿನ ಮಾರ್ಕೆಟ್ಟಿಗೆ ಮುಟ್ಟದಿದ್ದರೆ ಬೆಲೆ ಬಿದ್ದಂತೆಯೇ. ಆಮೇಲೆ ಕೋರ್ಟು ಕೆಲವು ಸಡಿಲಿಕೆ ಕೊಟ್ಟಿತು. ಇನ್ನೊಂದು ಕಡೆ, ರಾತ್ರಿ ಲಾರಿ ಕಮ್ಮಿಯಾದ ಮೇಲೆ ಪ್ರಾಣಿ ಸಾಯೋದು ತಪ್ಪಲಿ, ತಿರುವಿನಲ್ಲಿ ಲಾರಿ ಸಿಕ್ಕಿಕೊಂಡು ಗಂಟೆಗಟ್ಟಲೆ ಕಾಯೋದು ತಪ್ಪಲಿ ಅನ್ನೋರೂ ನಮ್ಮವರೇ. ದೂರದ ಊರುಗಳ ಭಾರಿ ಲಾರಿಗೂ ಇಲ್ಲಿನ ರೈತನ ಸಣ್ಣ ಗಾಡಿಗೂ ಒಂದೇ ತಕ್ಕಡಿ ಹಿಡಿಯಬಾರದು, ಇದು ನಮ್ಮ ನಿಲುವು. ಆನೆ ಕಾಟದಲ್ಲೂ ಅಷ್ಟೇ. 2023ರ ಏಪ್ರಿಲ್‌ನಲ್ಲಿ ತಾಳವಾಡಿ ಕಡೆ ಬಹಳ ಪ್ರಯತ್ನದ ಮೇಲೆ ಒಂದು ಆನೆ ಹಿಡಿದರಲ್ಲ, ಕರುಪ್ಪನ್. ನಮ್ಮ ಕಬ್ಬು ತಿಂದ ಆನೆಗೂ ಹೆಸರು ತಮಿಳಿನಲ್ಲೇ. ನಮ್ಮೂರಲ್ಲಿ ಇಟ್ಟಿದ್ದರೆ ಕರಿಯ ಅಂತಿದ್ವಿ. ನಗಿ ಪರವಾಗಿಲ್ಲ, ಆದರೆ ಬೆಳೆ ನಷ್ಟದ ಪರಿಹಾರದ ಅರ್ಜಿ ಫಾರಂ ಯಾವ ಭಾಷೆಯಲ್ಲಿದೆ ಅಂತಲೂ ನೋಡಿ.

ಈಗ ಹಾಸನೂರಿನ ಹೊಸ ದುಬಾರಿ. ಶನಿವಾರ ಭಾನುವಾರ ಬಂದರೆ ಕೊಯಮತ್ತೂರು, ಬೆಂಗಳೂರಿನ ಕಾರು ಸಾಲಾಗಿ ನಿಲ್ಲುತ್ತವೆ. ರೆಸಾರ್ಟು, ಹೋಂಸ್ಟೇ ಬಂದಿವೆ. ನಮ್ಮ ಹುಡುಗರಿಗೆ ಅಲ್ಲಿ ಕೆಲಸ ಸಿಕ್ಕಿದೆ, ಅದು ಒಳ್ಳೆಯದೇ. ಆದರೆ ರಸ್ತೆ ಬದಿಯ ಜಮೀನನ್ನು ಕೊಳ್ಳೋ ಶಕ್ತಿ ಈಗ ಊರಿನ ಯಾವ ಹುಡುಗನಿಗೂ ಉಳಿದಿಲ್ಲ. ಅಣ್ಣತಮ್ಮಂದಿರು ಭಾಗ ಆದಾಗ ಒಬ್ಬ ತನ್ನ ಪಾಲನ್ನು ಮಾರಿದರೆ ಮತ್ತೆ ಅದು ಊರಿನವರ ಕೈಗೆ ಬರಲ್ಲ. ಮಾರಬೇಡಿ ಅಂತ ಹೇಳೋಕೆ ನಮಗೆ ಅಧಿಕಾರ ಇಲ್ಲ, ಮಗಳ ಮದುವೆಗೆ, ಆಸ್ಪತ್ರೆಗೆ ಮಾರುತ್ತಾರೆ. ಕೊಡಲೇಬೇಕಾದರೆ ಗುತ್ತಿಗೆಗೆ ಕೊಡಿ, ಪತ್ರವನ್ನು ತಮಿಳು ಓದಬಲ್ಲ ನಮ್ಮವರ ಹತ್ತಿರ ಓದಿಸಿ, ಆಮೇಲೆ ಸಹಿ ಹಾಕಿ. ಇಷ್ಟು ಮಾತ್ರ ಹೇಳುತ್ತೇವೆ.

ಕಾಡೊಳಗಿನ ಸೋಲಿಗರ, ಊರಾಳಿಗಳ ಹಾಡಿಗಳಿಗೆ ಬೇರೆ ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2) ಪ್ರಕಾರ ಶಾಲೆ, ಚಿಕಿತ್ಸಾಲಯ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರಿನ ಪೈಪು, ರಸ್ತೆ, ವಿದ್ಯುತ್ ತಂತಿ ಇಂಥವಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರ್‌ಗಿಂತ ಕಮ್ಮಿ ಅರಣ್ಯ ಭೂಮಿ ಕೊಡಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯೋ ಹಾಗಿಲ್ಲ, ಗ್ರಾಮಸಭೆ ಶಿಫಾರಸು ಮಾಡಿರಬೇಕು. ‘ಕಾಡು, ಆಗಲ್ಲ’ ಅಂತ ಒಂದೇ ಮಾತಲ್ಲಿ ಕಳಿಸಿದರೆ ಈ ಸೆಕ್ಷನ್ ತೋರಿಸಿ. ಗಡಿ ದಾಟಿದರೆ ಸಿಗೋ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಅದೂ ಹುಲಿ ಮೀಸಲು ಪ್ರದೇಶವೇ. ಅವರು ನಮಗೆ ನೆಂಟರು, ಹೋಗಿ ಕೇಳಿ, ಹೇಗೆ ಮಾಡಿದರು ಅಂತ ತಿಳಿದುಕೊಳ್ಳಿ.

ಕೊನೆಗೆ ಶಾಲೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಕನ್ನಡ ಮಾಧ್ಯಮದ ಮಕ್ಕಳ ತಂದೆತಾಯಿಗೆ ಹತ್ತನೇ ಕ್ಲಾಸಿನ ತಮಿಳು ಪೇಪರಿನ ಚಿಂತೆ. ವಿನಾಯಿತಿಗಾಗಿ ಕೋರ್ಟಿಗೆ ಅಲೆದು, 2023ರಲ್ಲಿ ಸುಪ್ರೀಂ ಕೋರ್ಟಿನಿಂದಲೂ ಒಂದು ವರ್ಷದ ಮಟ್ಟಿಗೆ ಪಡೆದದ್ದಾಯಿತು. ಹೀಗೆ ವರ್ಷವರ್ಷ ಎಳೆಯೋ ವಿನಾಯಿತಿಯ ಮೇಲೆ ಮಗುವಿನ ಭವಿಷ್ಯ ಕಟ್ಟೋಕಾಗಲ್ಲ. ನಾವು ತಮಿಳಿನ ವಿರೋಧಿಗಳಲ್ಲ. ತಮಿಳು ಓದಿ, ಬರೆದು ಕಲಿಯಿರಿ, ಚೆನ್ನಾಗಿ ಕಲಿಯಿರಿ. ನಮ್ಮ ಅವ್ವನ ಅರ್ಜಿಯ ಖರ್ಚು ಇಳಿಸೋದು ಆ ಕಲಿಕೆಯೇ. ಜೊತೆಗೆ ಕನ್ನಡ ಮೇಷ್ಟ್ರ ಹುದ್ದೆ ಖಾಲಿ ಬೀಳದ ಹಾಗೆ ನೋಡಿಕೊಳ್ಳಿ. ಪ್ರಾಥಮಿಕ ಹಂತದಲ್ಲಿ ಒಂದು ಶಾಲೆಗೆ 40 ಮಕ್ಕಳು, ಇಲ್ಲವೇ ಒಂದು ತರಗತಿಗೆ 10 ಮಕ್ಕಳು ಕೇಳಿದರೆ ಮಾತೃಭಾಷೆಯ ಶಿಕ್ಷಕರನ್ನು ಕೊಡಬೇಕು ಅಂತ 1949ರಿಂದಲೂ ಒಪ್ಪಿಕೊಂಡ ಸೂತ್ರ ಇದೆ. ಆ ಹತ್ತು ಹೆಸರನ್ನು ಶಾಲೆ ಶುರುವಾಗೋ ಮುಂಚೆ ಬರೆದುಕೊಡೋರು ಯಾರು? ನೀವೇ.

ಈಗ ಕೆಲಸ ಹಂಚಿಕೊಳ್ಳೋಣ. ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಗ್ರಾಮಸಭೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ನವೆಂಬರ್ 1 ನಮಗೆ ರಾಜ್ಯೋತ್ಸವವೂ ಹೌದು. ಬೆಳಿಗ್ಗೆ ಬಾವುಟ ಹಿಡಿದ ಕೈ ಆಮೇಲೆ ಗ್ರಾಮಸಭೆಯ ಪುಸ್ತಕದಲ್ಲಿ ಸಹಿಯನ್ನೂ ಹಾಕಲಿ. ಪ್ರತಿ ಪಂಚಾಯಿತಿಯಿಂದ ಎರಡೂ ಭಾಷೆ ಬರೆಯಬಲ್ಲ ಇಬ್ಬರು, ಒಬ್ಬ ಹುಡುಗ ಒಬ್ಬಳು ಹುಡುಗಿ, ಇವತ್ತು ಊಟಕ್ಕೆ ಮುಂಚೆ ಹೆಸರು ಕೊಡಬೇಕು. ಅವರು ತಿಂಗಳಿಗೆ ಒಂದು ದಿನ ಊರಲ್ಲಿ ಕೂತು ಅರ್ಜಿ ಬರೆದುಕೊಡಬೇಕು, ದುಡ್ಡು ತಗೊಳ್ಳೋ ಹಾಗಿಲ್ಲ. ಎಡಗಡೆ ಕನ್ನಡ, ಬಲಗಡೆ ತಮಿಳು ಇರೋ ಮನವಿಯ ನಮೂನೆಯನ್ನು ನಮ್ಮ ಪುಟದಲ್ಲಿ ಹಾಕುತ್ತೇವೆ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಮುದ್ರೆ, ತಾರೀಖು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ಆ ಮುದ್ರೆ ಬಿದ್ದ ಪ್ರತಿಯ ಫೋಟೋ ನಮಗೆ ಕಳಿಸಿ. ಹೆಸರು ಬರೆಯೋ ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಪೆನ್ನು ಕಟ್ಟಿಟ್ಟಿದ್ದೇವೆ.