ಬೋರ್ ಲಾರಿ ಬರುವ ಮುಂಚೆ
(ಮುರುಗಮಲ್ಲದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ಸಭೆಗಳಲ್ಲಿ ಸಾಲದ ಅರ್ಜಿ ಓದುವಾಗ ‘ಉದ್ದೇಶ’ ಅಂತ ಒಂದು ಕಾಲಂ ಬರುತ್ತದೆ. ಹಸು, ಕುರಿ, ಮಕ್ಕಳ ಫೀಸು, ಮದುವೆ ಅಂತ ಬರೆದಿರುತ್ತೇವೆ. ನಮ್ಮ ಕಡೆ ಇನ್ನೊಂದು ಉದ್ದೇಶ ಆಗಾಗ ಬರುತ್ತದೆ, ಅದು ಕೊಳವೆ ಬಾವಿ. ಕೆಲವು ಸಲ ಅರ್ಜಿಯಲ್ಲಿ ‘ಹಸು’ ಅಂತ ಇರುತ್ತದೆ, ದುಡ್ಡು ಹೋಗುವುದು ಬೋರಿಗೇ. ಅದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಆದ್ದರಿಂದ ಈ ದಿನ ಆ ಬೋರ್ ಕೊರೆಯುವ ಯಂತ್ರದ ಬಗ್ಗೆಯೇ ಮಾತಾಡೋಣ ಅಂದುಕೊಂಡಿದ್ದೇವೆ. ಸಹಿ ಹಾಕುವವರು ನಾವು, ಕಂತು ಕಟ್ಟುವವರು ನಾವು, ಒಡವೆ ಹೋಗುವುದು ನಮ್ಮ ಕತ್ತಿನಿಂದ. ಯಂತ್ರ ಮನೆಯ ಹೊಲಕ್ಕೆ ಬಂದಾಗ ಮಾತ್ರ ನಾವು ಟೀ ಕಾಯಿಸುತ್ತಾ ಒಳಗೆ ಇರುತ್ತೇವೆ. ಇದು ಸರಿಯಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಿನಾಕಿನಿ, ಪಾಪಾಗ್ನಿ ಎಲ್ಲ ನಂದಿ ಬೆಟ್ಟದ ಸುತ್ತಮುತ್ತಲೇ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಓದಿದ್ದೇವೆ, ನೀರು ಮಾತ್ರ ಮಳೆ ಬಂದ ನಾಲ್ಕು ದಿನ. ಹಿಂದಿನವರು ಅದಕ್ಕೇ ಕೆರೆ ಕಟ್ಟಿದರು, ತೆರೆದ ಬಾವಿ ತೋಡಿದರು. ಮೂವತ್ತು ನಲವತ್ತು ಅಡಿ ಬಾವಿಯಲ್ಲಿ ಏತ, ಕಪಿಲೆ ಹೊಡೆದು ರಾಗಿ, ತರಕಾರಿ ಬೆಳೆದ ಅಜ್ಜಂದಿರನ್ನು ನಿಮ್ಮಲ್ಲಿ ಹಿರಿಯರು ನೋಡಿದ್ದೀರಿ. ಈಗ ಆ ಬಾವಿಗಳಲ್ಲಿ ಲಂಟಾನ ಬೆಳೆದಿದೆ, ಇಲ್ಲವೇ ಕಸ ತುಂಬಿದೆ.

ಕೊರೆಯುವ ಯಂತ್ರ ಮೊದಲು ನಮ್ಮ ದೇಶದ ಹಳ್ಳಿಗಳಿಗೆ ದೊಡ್ಡದಾಗಿ ಬಂದದ್ದು ಬೆಳೆಗಲ್ಲ, ಕುಡಿಯುವ ನೀರಿಗೆ. 1966-67ರಲ್ಲಿ ಬಿಹಾರದ ಕಡೆ ಭಾರೀ ಬರ ಬಂತು. ಆಗ ಯುನಿಸೆಫ್‌ನವರು ಗಟ್ಟಿ ಕಲ್ಲು ಕೊರೆಯುವ ಯಂತ್ರಗಳನ್ನು ವಿಮಾನದಲ್ಲಿ ತರಿಸಿದರು. ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರ ಕಡೆ ಕ್ರೈಸ್ತ ಮಿಷನ್‌ನವರು ಬೋರ್ ಕೊರೆಸಿ, ಪದೇ ಪದೇ ಕೆಡದ ಕೈಪಂಪನ್ನು ತಾವೇ ಮಾಡಿದರು. ಅದೇ ದಾರಿಯಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ‘ಇಂಡಿಯಾ ಮಾರ್ಕ್ 2’ ಕೈಪಂಪು ಬಂತು. ನಮ್ಮೂರುಗಳಲ್ಲಿ ‘ಬೋರಿಂಗು’ ಅಂತ ಕರೆದು ಬಿಂದಿಗೆ ಸಾಲಾಗಿ ಇಟ್ಟಿದ್ದೆವಲ್ಲ, ಅದೇ. ಆ ಪಂಪು ಚೆನ್ನಾಗಿ ನೀರೆತ್ತುವುದು ಸುಮಾರು 150 ಅಡಿ ಆಳದ ತನಕ. ಅಂದರೆ ಆಗ ನೀರು ಅಷ್ಟರಲ್ಲೇ ಸಿಗುತ್ತಿತ್ತು. ಈಗ ನಮ್ಮ ತಾಲ್ಲೂಕಿನಲ್ಲಿ ಸಾವಿರ ಅಡಿ, ಸಾವಿರದ ಇನ್ನೂರು ಅಡಿ ಅನ್ನುವುದು ಮಾಮೂಲಿ ಮಾತಾಗಿದೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳೋಣ. ಬರುವುದು ಒಂದು ಲಾರಿ ಅಲ್ಲ, ಸಾಮಾನ್ಯವಾಗಿ ಎರಡು. ಒಂದರ ಮೇಲೆ ಕೊರೆಯುವ ಕಂಬ, ಇನ್ನೊಂದರಲ್ಲಿ ಕಂಪ್ರೆಸರ್, ರಾಡು, ಡೀಸೆಲ್, ಹುಡುಗರ ಅಡುಗೆ ಸಾಮಾನು. ಎಷ್ಟೋ ಲಾರಿಗಳ ನಂಬರ್ ಪ್ಲೇಟು ಟಿ.ಎನ್. 34 ಇರುತ್ತದೆ. ಅದು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ತಿರುಚೆಂಗೋಡು. ಇಡೀ ದೇಶಕ್ಕೆ ಬೋರ್ ಲಾರಿ ಕಳಿಸುವ ಊರು ಅದು. ಕೆಲಸದ ಹುಡುಗರು ತಮಿಳುನಾಡಿನವರು, ಈಚೆಗೆ ಒಡಿಶಾ, ಛತ್ತೀಸ್‌ಗಢ ಕಡೆಯವರೂ ಇರುತ್ತಾರೆ. ಅವರಿಗೆ ನಿದ್ದೆಯೂ ಇಲ್ಲ, ಮುಖಕ್ಕೆ ಸರಿಯಾದ ಬಟ್ಟೆಯೂ ಇಲ್ಲ. ಬರುವ ಬಿಳಿ ಪುಡಿ ಕಲ್ಲಿನ ಪುಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ನೋಡಲು ಮಕ್ಕಳು ಗುಂಪು ಸೇರುತ್ತಾರೆ, ದೂರ ಕಳಿಸಿ.

ರಾಡಿನ ತುದಿಯಲ್ಲಿ ‘ಹ್ಯಾಮರ್’ ಇರುತ್ತದೆ, ಅದರ ಕೆಳಗೆ ‘ಬಿಟ್’. ಬಿಟ್ಟಿನ ಮುಖದ ತುಂಬ ಗುಂಡಿಯ ಹಾಗೆ ಬಲು ಗಟ್ಟಿ ಲೋಹದ ಹಲ್ಲುಗಳು. ಕಂಪ್ರೆಸರ್ ಗಾಳಿಯನ್ನು ಒತ್ತಿ ರಾಡಿನೊಳಗೆ ಕಳಿಸುತ್ತದೆ. ಲಾರಿ ಟೈರಿಗೆ ನೂರು ಪೌಂಡಿನ ಹತ್ತಿರ ಗಾಳಿ ಹಿಡಿಸುತ್ತಾರೆ, ಇಲ್ಲಿ ಮುನ್ನೂರು ಪೌಂಡು. ಆ ಗಾಳಿ ಹ್ಯಾಮರಿನೊಳಗಿನ ಪಿಸ್ಟನ್ನನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಿಟ್ಟಿನ ಮೇಲೆ ಕುಟ್ಟಿಸುತ್ತದೆ. ರಾಡು ಮಾತ್ರ ನಿಧಾನ ತಿರುಗುತ್ತದೆ. ನೋಡುವವರಿಗೆ ಗಿರ್ರಂತ ಕೊರೆಯುವ ಹಾಗೆ ಕಾಣುತ್ತದೆ, ನಿಜದಲ್ಲಿ ಅದು ಒರಳಲ್ಲಿ ಒನಕೆ ಹಾಕಿದ ಹಾಗೆ ಕುಟ್ಟುವ ಕೆಲಸ. ಅದೇ ಗಾಳಿ ಪುಡಿಯನ್ನು ಮೇಲಕ್ಕೆ ಊದುತ್ತದೆ. ಹಿಂದೆ ಕೈಯಲ್ಲಿ ಚೇಣ ಹಿಡಿದು ತಿಂಗಳುಗಟ್ಟಲೆ ಒಡೆಯುತ್ತಿದ್ದ ಬಂಡೆಯನ್ನು ಈ ಯಂತ್ರ ಒಂದು ಹಗಲು ಒಂದು ರಾತ್ರಿಯಲ್ಲಿ ಸಾವಿರ ಅಡಿ ಇಳಿಯುತ್ತದೆ. ಕಷ್ಟ ಇರುವುದು ಈ ವೇಗದಲ್ಲೇ. ಬಾವಿ ತೋಡುವಾಗ ಯೋಚನೆ ಮಾಡಲು ತಿಂಗಳು ಇತ್ತು. ಇಲ್ಲಿ ರಾತ್ರಿ ಎರಡು ಗಂಟೆಗೆ ಏಜೆಂಟು ಬಂದು “ಅಣ್ಣಾ, ಇನ್ನೊಂದು ನೂರಡಿ ಹೋಗೋಣ, ತಂಪು ಬರ್ತಾ ಇದೆ” ಅಂದರೆ ಐದು ನಿಮಿಷದಲ್ಲಿ ಹೂಂ ಅನ್ನಬೇಕು.

ಭೂಮಿಯೊಳಗೆ ನೀರು ಹೇಗಿರುತ್ತದೆ? ಒಳಗೆ ನದಿ ಹರಿಯುತ್ತದೆ, ಇನ್ನು ಸ್ವಲ್ಪ ಹೋದರೆ ಸಿಗುತ್ತದೆ ಅಂತ ನಂಬಿದ್ದೇವೆ. ನಮ್ಮ ಸೀಮೆಯ ಕೆಳಗಿರುವುದು ಗಟ್ಟಿ ಕಗ್ಗಲ್ಲು. ಮೇಲೆ ಮಣ್ಣು, ಅದರ ಕೆಳಗೆ ಸವೆದ ಕಲ್ಲು. ಇದು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ, ಅಜ್ಜಂದಿರ ಬಾವಿಗೆ ನೀರು ಬಂದದ್ದು ಇಲ್ಲಿಂದ. ಅದರ ಕೆಳಗೆ ಬಂಡೆ. ಬಂಡೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದ ಹಾಗೆ ಬಿರುಕು ಸಾಮಾನ್ಯವಾಗಿ ಕಡಿಮೆಯಾಗುತ್ತಾ, ಬಿಗಿಯಾಗುತ್ತಾ ಹೋಗುತ್ತದೆ. ಆಳ ಹೆಚ್ಚಾದಷ್ಟೂ ನೀರು ಹೆಚ್ಚು ಅನ್ನುವುದು ನಮ್ಮ ನೆಲದಲ್ಲಿ ಸುಳ್ಳು. ಸಾವಿರ ಅಡಿಯಲ್ಲಿ ಸಿಕ್ಕಿದರೂ ಅದು ಎಷ್ಟೋ ಕಾಲದಿಂದ ನಿಧಾನ ಇಳಿದು ನಿಂತ ನೀರು. ಈ ವರ್ಷದ ಮಳೆ ಬೇಗ ಅಲ್ಲಿಗೆ ತಲುಪುವುದಿಲ್ಲ. ಪಕ್ಕದ ಹೊಲದವರ ಬೋರೂ ಅದೇ ಬಿರುಕಿನ ನೀರನ್ನೇ ಕುಡಿಯುತ್ತಿದ್ದರೆ, ನಮ್ಮದು ಬಂದ ದಿನ ಅವರದು ನಿಲ್ಲುತ್ತದೆ. ಆಮೇಲೆ ಅವರು ಇನ್ನೂ ಆಳಕ್ಕೆ ಕೊರೆಸುತ್ತಾರೆ. ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟು ಹೋಗಿರುವ ಮನೆಗಳು ಬೇಕಾದಷ್ಟಿವೆ.

ಪಾಯಿಂಟು ನೋಡುವ ವಿಚಾರ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರು, ಬೇವಿನ ಕವೆಕಡ್ಡಿ ಹಿಡಿಯುವವರು ನಮ್ಮ ಕಡೆ ಇದ್ದಾರೆ. ನಂಬಿಕೆಯನ್ನು ಆಡಿಕೊಳ್ಳುವುದು ಬೇಡ. ಆದರೆ ಅದಕ್ಕೆ ವಿಜ್ಞಾನದ ಆಧಾರ ಇಲ್ಲ ಅನ್ನುವುದನ್ನು ಹೇಳಲೇಬೇಕು. ಭೂವಿಜ್ಞಾನಿಗಳು ನೆಲಕ್ಕೆ ನಾಲ್ಕು ಕಡ್ಡಿ ನೆಟ್ಟು ಸ್ವಲ್ಪ ಕರೆಂಟು ಹರಿಸಿ, ಒಳಗಿನ ಕಲ್ಲು ಅದನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುತ್ತಾರೆ. ಒದ್ದೆ ಕಲ್ಲು ಕಡಿಮೆ ತಡೆಯುತ್ತದೆ, ಒಣ ಬಂಡೆ ಹೆಚ್ಚು. ಅದೂ ನೂರಕ್ಕೆ ನೂರು ಗ್ಯಾರಂಟಿ ಅಲ್ಲ. ಆದರೂ ಲಕ್ಷಗಟ್ಟಲೆ ಹಾಕುವ ಮುಂಚೆ ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ಕೇಳುವುದು ತೆಂಗಿನಕಾಯಿಗಿಂತ ಮೇಲು.

ಈಗ ದುಡ್ಡು. ಅಡಿಗೆ ಇಷ್ಟು ಅಂತ ಹೇಳುತ್ತಾರೆ. ಅದು ಮೊದಲ ಮುನ್ನೂರು ಅಡಿಯ ರೇಟು ಮಾತ್ರ. ಅದರ ಮೇಲೆ ನೂರು ನೂರು ಅಡಿಗೆ ರೇಟು ಏರುತ್ತದೆ. ಲೆಕ್ಕಕ್ಕಾಗಿ ಮಾತ್ರ ಒಂದು ರೇಟು ಇಟ್ಟುಕೊಳ್ಳೋಣ: ಮೊದಲ 300 ಅಡಿಗೆ ಅಡಿಗೆ 100 ರೂಪಾಯಿ, ಆಮೇಲೆ ಪ್ರತಿ ನೂರಡಿಗೆ ಹತ್ತು ಹತ್ತು ರೂಪಾಯಿ ಹೆಚ್ಚು. 500 ಅಡಿಗೆ 53,000 ಆಯಿತು. ಸಾವಿರ ಅಡಿಗೆ? ಒಂದು ಲಕ್ಷದ ಆರು ಸಾವಿರ ಅಲ್ಲ, 1,28,000. ಕೇಸಿಂಗ್ ಪೈಪು ಬೇರೆ, ಏಜೆಂಟಿನ ಕಮಿಷನ್ ಬೇರೆ. ನೀರು ಸಿಕ್ಕಿದರೆ ಮೋಟರು, ಪೈಪು, ಕೇಬಲ್ಲು, ಕರೆಂಟು. ಆಳ ಹೆಚ್ಚಿದಷ್ಟೂ ಇವೆಲ್ಲ ಹೆಚ್ಚು. ಹೊರಗಡೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಒಂದು ಲಕ್ಷ ತಂದರೆ ತಿಂಗಳಿಗೆ ಮೂರು ಸಾವಿರ ಬಡ್ಡಿಯೇ ಹೋಗುತ್ತದೆ. ಸೀಮೆ ಹಸುವಿನ ಹಾಲಿನ ಬಟವಾಡೆ ಎಷ್ಟು ಬರುತ್ತದೆ ಅಂತ ನಿಮಗೇ ಗೊತ್ತು. ಟೊಮೆಟೊ ರೇಟು ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಯಾವತ್ತು ಬೀಳುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಹಾಗಾಗಿ ಅಕ್ಕತಂಗಿಯರೇ, ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ. ಎಷ್ಟು ಅಡಿಗೆ ನಿಲ್ಲಿಸಬೇಕು ಅನ್ನುವುದನ್ನು ಲಾರಿ ಬರುವ ಮುಂಚೆ, ಹಗಲು ಹೊತ್ತಿನಲ್ಲಿ, ಗಂಡ ಹೆಂಡತಿ ಕೂತು ತೀರ್ಮಾನ ಮಾಡಿ ಸಂಘದ ಪುಸ್ತಕದಲ್ಲಿ ಬರೆಸಿ. ಮನೆಯ ಯಜಮಾನರಿಗೆ ಕೋಪ ಬರಬಹುದು. ಆದರೆ ರಾತ್ರಿ ಏಜೆಂಟು ಆಸೆ ಹುಟ್ಟಿಸಿದಾಗ “ಸಂಘದಲ್ಲಿ ಇಷ್ಟೇ ಅಂತ ಬರೆದಿದೆ” ಅನ್ನುವುದಕ್ಕೆ ಅವರಿಗೂ ಒಂದು ಆಧಾರ ಸಿಗುತ್ತದೆ. ಎರಡು ಬೋರು ಫೇಲಾಗಿ ಮೂರನೆಯದಕ್ಕೆ ಅರ್ಜಿ ಬಂದರೆ ಸಂಘ ಇಲ್ಲ ಅನ್ನಬೇಕು ಅಂತಲೇ ನಮ್ಮ ಅಭಿಪ್ರಾಯ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ.

ಕೊರೆಯುವಾಗ ನಾವು ಅಲ್ಲಿ ಇರಬೇಕು. ರಾಡು ಸಾಮಾನ್ಯವಾಗಿ 20 ಅಡಿ ಉದ್ದ, ಒಂದನ್ನು ಮೊದಲೇ ಟೇಪು ಹಿಡಿದು ಅಳೆಯಿರಿ. ಒಂದು ರಾಡು ಇಳಿದರೆ ಒಂದು ಹುಣಸೆ ಬೀಜ ಪಕ್ಕಕ್ಕಿಡಿ. ಐವತ್ತು ಬೀಜ ಅಂದರೆ ಸಾವಿರ ಅಡಿ. ಅಕ್ಷರ ಬಾರದ ಅಮ್ಮಂದಿರೂ ಈ ಲೆಕ್ಕ ಇಡಬಹುದು, ಬಿಲ್ಲು ಬಂದಾಗ ಜಗಳವಿಲ್ಲ. ಕೇಸಿಂಗ್ ತುಂಡುಗಳನ್ನೂ ಹಾಗೇ ಎಣಿಸಿ. ಕೇಸಿಂಗ್ ಗಟ್ಟಿ ಬಂಡೆಗೆ ಕೂರಬೇಕು, ಇಲ್ಲದಿದ್ದರೆ ಮೇಲಿನ ಮಣ್ಣು ಕುಸಿದು ಬೋರು ಮುಚ್ಚಿಹೋಗುತ್ತದೆ. ಪುಡಿ ಯಾವ ಅಡಿಯಲ್ಲಿ ಒದ್ದೆಯಾಯಿತು, ಎಲ್ಲಿ ನೀರು ಚಿಮ್ಮಿತು ಅಂತ ಬರೆದಿಡಿ. ಮೋಟರು ಎಷ್ಟು ಆಳಕ್ಕೆ ಇಳಿಸಬೇಕು ಅನ್ನುವುದಕ್ಕೆ ಮುಂದೆ ಅದೇ ಬೇಕು.

‘ಎರಡು ಇಂಚು ನೀರು’ ಅನ್ನುತ್ತಾರಲ್ಲ, ಅದು ಪೈಪಿನ ದಪ್ಪ ಅಲ್ಲ. ಇಂಗ್ಲಿಷಿನ ವಿ ಅಕ್ಷರದ ಹಾಗೆ ಕತ್ತರಿಸಿದ ತಗಡಿನ ಮೇಲೆ ನೀರು ಎಷ್ಟು ಎತ್ತರ ಹರಿಯುತ್ತದೆ ಅನ್ನುವ ಅಳತೆ. ಮೂಲೆ ಸರಿಯಾಗಿ 90 ಡಿಗ್ರಿ ಇದ್ದರೆ, ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚಿಗೆ ಸಾವಿರ ಅಲ್ಲ, ಸುಮಾರು 2,900. ಮೂರಕ್ಕೆ ಎಂಟು ಸಾವಿರದ ಹತ್ತಿರ. ಆದ್ದರಿಂದ “ಒಂದೂವರೆ ಬಂತು, ಎರಡು ಅಂತ ಇಟ್ಟುಕೊಳ್ಳಿ” ಅಂದರೆ ಒಪ್ಪಬೇಡಿ, ಅರ್ಧ ಇಂಚಿನಲ್ಲಿ ಅರ್ಧದಷ್ಟು ನೀರೇ ಮೋಸ. ಲಾರಿಯ ಗಾಳಿಗೆ ಚಿಮ್ಮುವ ನೀರು ನೋಡಿ ಪೂಜೆ ಮಾಡಿ ಸಂತೋಷಪಡಿ. ಮೋಟರು ಕೊಳ್ಳುವ ಮುಂಚೆ ಮಾತ್ರ ಬಾಡಿಗೆ ಪಂಪು ಇಳಿಸಿ ಕೆಲವು ಗಂಟೆ ಓಡಿಸಿ, ನೀರು ನಿಲ್ಲುತ್ತದಾ ನೋಡಿ.

ಆ ನೀರನ್ನು ಕುಡಿಯುವ ಮುಂಚೆ ಪರೀಕ್ಷೆ ಮಾಡಿಸಲೇಬೇಕು. ಕೋಲಾರ, ಚಿಕ್ಕಬಳ್ಳಾಪುರದ ಆಳದ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲವೇ ಇಲ್ಲ ಅಂದರೆ 1.5 ತನಕ. ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಮುಂದೆ ದೊಡ್ಡವರಿಗೆ ಕೀಲು ಹಿಡಿಯುವುದು, ಬೆನ್ನು ಬಗ್ಗದಿರುವುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಮನೆಯ ಸೂರಿನ ಮಳೆನೀರಿನಲ್ಲಿ ಈ ತೊಂದರೆ ಇಲ್ಲ. ಶುದ್ಧವಾಗಿ ಹಿಡಿದಿಟ್ಟರೆ ಅಡುಗೆಗೆ, ಕುಡಿಯಲು ಅದೇ ಒಳ್ಳೆಯದು.

ಕಾನೂನೂ ಇದೆ. ಸಾರ್ವಜನಿಕ ಕುಡಿಯುವ ನೀರಿನ ಬಾವಿಯಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಕೊರೆಯಬಾರದು ಅಂತ 1999ರ ಕಾಯಿದೆ. ಅಂತರ್ಜಲ ಅತಿಯಾಗಿ ಬಳಸಿದ ತಾಲ್ಲೂಕುಗಳಲ್ಲಿ ಅನುಮತಿ ಬೇಕು, ಲಾರಿಯೂ ನೋಂದಣಿ ಆಗಿರಬೇಕು ಅಂತ 2011ರ ಕಾಯಿದೆ. ಅರ್ಹರಿಗೆ ಗಂಗಾ ಕಲ್ಯಾಣ ಯೋಜನೆ ಇದೆ, ಸ್ವಂತ ಸಾಲಕ್ಕೆ ಕೈಹಾಕುವ ಮುಂಚೆ ಸಂಬಂಧಪಟ್ಟ ನಿಗಮದಲ್ಲಿ ವಿಚಾರಿಸಿ.

ಇರುವ ಬೋರಿಗೆ ನೀರು ತುಂಬಿಸುವುದೂ ಒಂದು ದಾರಿ. ಚಿತ್ರದುರ್ಗದ ಭೂಜಲ ತಜ್ಞ ಎನ್. ಜೆ. ದೇವರಾಜ ರೆಡ್ಡಿಯವರು ಇದನ್ನು ಊರೂರಿಗೆ ಹೇಳಿಕೊಟ್ಟರು. ಬೋರಿನ ಸುತ್ತ ಹತ್ತು ಅಡಿ ಅಗಲ, ಹತ್ತು ಅಡಿ ಆಳದ ಗುಂಡಿ ತೆಗೆದು, ಕೇಸಿಂಗಿಗೆ ತೂತು ಮಾಡಿ ಜಾಲರಿ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬುವುದು. ಹೊಲದಲ್ಲಿ ಹರಿಯುವ ಮಳೆನೀರು ಸೋಸಿ ಒಳಗಿಳಿಯುತ್ತದೆ. ಗೊಬ್ಬರದ ಗುಂಡಿ, ಕೊಟ್ಟಿಗೆಯ ನೀರು ಅದಕ್ಕೆ ಸೇರಬಾರದು. ಎಲ್ಲ ಬೋರಿಗೂ ಫಲ ಕೊಡುತ್ತದೆ ಅನ್ನಲಾಗದು, ಆದರೆ ಹೊಸ ಬೋರಿನ ಖರ್ಚಿನ ಮುಂದೆ ಇದು ಸಣ್ಣದು.

ಕೊನೆಗೆ, ಫೇಲಾದ ಬೋರು. ಬೇಸರದಲ್ಲಿ ಯಾರಿಗೂ ಅದರ ಕಡೆ ನೋಡಲು ಮನಸ್ಸಿರುವುದಿಲ್ಲ, ಮೇಲೊಂದು ಗೋಣಿಚೀಲ ಹಾಕಿ ಬಂದುಬಿಡುತ್ತೇವೆ. 2017ರ ಏಪ್ರಿಲಿನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹೆಣ್ಣು ಮಗು ಹಾಗೆ ಬಿದ್ದು ತೀರಿಕೊಂಡಿತು. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗುವನ್ನು ಸುಮಾರು ಇಪ್ಪತ್ತು ಗಂಟೆ ಹೋರಾಡಿ ಬದುಕಿಸಿದರು. ಆರೂವರೆ ಇಂಚಿನ ತೂತು ಅದು, ಮಗುವಿಗೆ ಸಾಕು. ನೀರಿಲ್ಲದ ಬೋರನ್ನು ಬುಡದಿಂದ ನೆಲದ ಮಟ್ಟದ ತನಕ ಮಣ್ಣು, ಮರಳು, ಕಲ್ಲು ಹಾಕಿ ತುಂಬಬೇಕು, ನೀರಿರುವ ಬೋರಿಗೆ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು ಅಂತ ಸುಪ್ರೀಂ ಕೋರ್ಟೇ 2010ರಲ್ಲಿ ಹೇಳಿದೆ. ಕೇಸಿಂಗ್ ಪೈಪನ್ನು ಮರಳಿ ಕಿತ್ತು ಮಾರಿಕೊಳ್ಳುವವರು ಬರುತ್ತಾರೆ. ಕಿತ್ತ ದಿನವೇ ಗುಂಡಿ ತುಂಬಿಸಿ. ಹೊಸ ಬೋರಿನ ಮುಚ್ಚಳವನ್ನು ಲಾರಿಯವರ ಕೈಯಲ್ಲೇ ಹಾಕಿಸಿ, ಬಿಲ್ಲಿನ ಕೊನೆಯ ಐದು ಸಾವಿರ ರೂಪಾಯಿಯನ್ನು ಆ ಕೆಲಸ ಮುಗಿದ ಮೇಲೆ ಕೊಡಿ.