ಗೇಟಿನ ಹೊರಗೆ ಕುಳಿತವಳು

(ಹೊಸಪೇಟೆಯಲ್ಲಿ ಸ್ವಸಹಾಯ ಗುಂಪುಗಳ ಸಭೆಯಲ್ಲಿ ಆಡಿದ ಮಾತು)



ಉಳಿತಾಯದ ಲೆಕ್ಕ ಮುಗಿಸಿ ದಣಿದಿದ್ದೀರಿ. ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ನಮ್ಮ ಬೀದಿಯ ಒಂದು ವಿಷಯ ಹೇಳಬೇಕಾಗಿದೆ.

ನಾನಿರುವುದು ಹೊಸಪೇಟೆಯ ಹೊರಭಾಗದ ಒಂದು ಬಡಾವಣೆಯಲ್ಲಿ. ಬಂದವರೆಲ್ಲ "ಎಷ್ಟು ಶಾಂತವಾದ ಬೀದಿ" ಎಂದು ಹೊಗಳುತ್ತಾರೆ. ಎರಡೂ ಕಡೆ ಕಾಂಪೌಂಡು, ಕಬ್ಬಿಣದ ಗೇಟು, ಕಿಟಕಿಗೆಲ್ಲ ಸೊಳ್ಳೆಪರದೆ. ಸಂಡೂರಿನ ಅದಿರಿಗೆ ಬೆಲೆ ಏರಿದ ವರ್ಷಗಳಲ್ಲಿ ಎದ್ದ ಮನೆಗಳು ಇವು. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ಕೆಲಸ ನಿಲ್ಲಿಸಿದಾಗ ಒಂದೆರಡು ಅರ್ಧಕ್ಕೇ ನಿಂತವು.

ನಾನು ಬೆಳೆದದ್ದು ಕೇರಿಯಲ್ಲಿ. ಅಲ್ಲಿ ಗೋಡೆಗೆ ಗೋಡೆ. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕುಳಿತವರಿಗೆ ಯಾರ ಮನೆಯಲ್ಲಿ ಪಾತ್ರೆ ಬಿತ್ತು ಎನ್ನುವುದೂ ಗೊತ್ತು. ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆ ಮೇಲೆ ಮಲಗುವವರು. ಅಲ್ಲಿ ಹೊಡೆತ ಇರಲಿಲ್ಲವೇ? ಇತ್ತು. ಆದರೆ ಯಾರಾದರೊಬ್ಬ ಮುದುಕಿ "ಏ, ಬಿಡೋ ಆಕೀನ" ಎಂದು ಕೂಗುತ್ತಿದ್ದಳು. ಮರುದಿನ ಅದೇ ಮುದುಕಿ "ಹೊಂದಿಕೊಂಡು ಹೋಗವ್ವ" ಎನ್ನುತ್ತಿದ್ದಳು, ಆ ಮಾತು ಬೇರೆ.

ನಮ್ಮ ಶಾಂತ ಬೀದಿಯಲ್ಲಿ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಗೇಟಿನ ಸದ್ದಾಯಿತು. ಎದುರು ಮನೆಯ ಸೊಸೆ ಹೊರಗೆ ಕಲ್ಲಿನ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಎರಡು ವರ್ಷದ ಮಗು. ಗೇಟಿಗೆ ಒಳಗಿನಿಂದ ಬೀಗ. ನಾನೇನು ಮಾಡಿದೆ? ದೀಪ ಆರಿಸಿದೆ. ಅವಳಿಗೆ ನಾಚಿಕೆಯಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನನಗೆ ಭಯ. ಬೆಳಿಗ್ಗೆ ನೋಡಿದರೆ ಆಕೆ ಅದೇ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದಳು.

2011ರ ಜುಲೈನಲ್ಲಿ ಹಂಪಿ ಬಜಾರಿನ ಮನೆಗಳನ್ನು ಕೆಡವಿದಾಗ ಊರೆಲ್ಲ ನೋಡಿತು, ಪತ್ರಿಕೆಗಳು ಬರೆದವು. ಬಡಾವಣೆಯಲ್ಲಿ ಒಬ್ಬ ಹೆಣ್ಣುಮಗಳು ಮನೆ ಕಳೆದುಕೊಂಡರೆ ಒಂದು ಗೇಟಿನ ಸದ್ದು, ಅಷ್ಟೆ.

ಮೂರನೆಯ ಸಲ ಹೀಗಾದ ಮೇಲೆ ಆಕೆ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದಳು. ತವರು ಕಂಪ್ಲಿ ಕಡೆ. ಮದುವೆಯಲ್ಲಿ ಬಂಗಾರದ ಜೊತೆಗೆ ಸೈಟಿಗೂ ಮಾತಾಗಿತ್ತು. ಅಪ್ಪ ಒಂದು ಎಕರೆ ಗದ್ದೆ ಮಾರಿದ. ಸೈಟು ಬಂತು, ಮನೆ ಎದ್ದಿತು, ಖಾತೆ ಮಾತ್ರ ಅತ್ತೆಯ ಹೆಸರಿಗೆ. ಈಗ ಮೇಲಂತಸ್ತು ಪೂರ್ತಿ ಮಾಡಲು ಎರಡು ಲಕ್ಷ ತರಬೇಕು. ತರುವತನಕ ಗೇಟಿನ ಹೊರಗೆ. "ಅಕ್ಕಾ, ಮನೆ ನನ್ನದಲ್ಲವಂತೆ" ಎಂದಳು.

ಖಾತೆ ಯಾರ ಹೆಸರಿಗಾದರೂ ಇರಲಿ, ತಾನು ಬಾಳುತ್ತಿರುವ ಮನೆಯಲ್ಲಿ ಇರುವ ಹಕ್ಕು ಆಕೆಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೆಯ ಸೆಕ್ಷನ್ ಅದನ್ನೇ ಹೇಳುತ್ತದೆ. ಬಾಡಿಗೆ ಮನೆಗೂ ಇದು ಸಲ್ಲುತ್ತದೆ. ಆದರೆ ಕಾಯ್ದೆ ಜಾರಿಯಾದ ಎರಡೇ ತಿಂಗಳಿಗೆ, 2006ರ ಡಿಸೆಂಬರಿನಲ್ಲಿ, ಅತ್ತೆಯ ಹೆಸರಿನ ಮನೆಯಲ್ಲಿ ಸೊಸೆ ಈ ಹಕ್ಕು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತು. ಗೇಟು ಹಾಕುವವರಿಗೆ ಹದಿನಾಲ್ಕು ವರ್ಷ ಅದೇ ಆಸರೆ. 2020ರ ಅಕ್ಟೋಬರ್ 15ರಂದು ಅದೇ ಕೋರ್ಟಿನ ಮೂವರು ನ್ಯಾಯಾಧೀಶರು ಆ ತೀರ್ಪನ್ನು ತಳ್ಳಿಹಾಕಿದರು. ಇದರಿಂದ ಮನೆ ಸೊಸೆಯ ಆಸ್ತಿಯಾಗುವುದಿಲ್ಲ, ತಪ್ಪು ತಿಳಿಯಬೇಡಿ. ವಯಸ್ಸಾದ ಅತ್ತೆಮಾವಂದಿರ ನೆಮ್ಮದಿಯನ್ನೂ ಕೋರ್ಟು ನೋಡುತ್ತದೆ, ಬೇರೆ ಮನೆ ಮಾಡಿಕೊಡಿ ಎಂದೂ ಹೇಳಬಹುದು. ಆದರೆ ರಾತ್ರೋರಾತ್ರಿ ಹೊರಗೆ ನೂಕುವಂತಿಲ್ಲ.

ಇನ್ನು ಸೈಟಿನ ದುಡ್ಡು. ಬೇರೆಯವರ ಕೈಸೇರಿದ ವರದಕ್ಷಿಣೆಯನ್ನು ಮದುವೆಯಾದ ಮೂರು ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕು ಎಂದು ವರದಕ್ಷಿಣೆ ನಿಷೇಧ ಕಾಯ್ದೆಯ 6ನೆಯ ಸೆಕ್ಷನ್ ಹೇಳುತ್ತದೆ. ಎಷ್ಟು ಮಂದಿ ಕೇಳಿದ್ದೀರಿ ಇದನ್ನು? ಕೇಳಿದರೂ ಕೊಟ್ಟಿದ್ದಕ್ಕೆ ಕಾಗದ ಬೇಕಲ್ಲ. ಈಕೆಯ ಬಳಿ ಇದ್ದದ್ದು ಅಪ್ಪ ಗದ್ದೆ ಮಾರಿದ ಕ್ರಯಪತ್ರದ ನಕಲು ಮಾತ್ರ.

ನನ್ನನ್ನು ನಾಚಿಸಿದ್ದು ಅದೇ ದೌರ್ಜನ್ಯ ಕಾಯ್ದೆಯ 4ನೆಯ ಸೆಕ್ಷನ್. ಅಕ್ಕಪಕ್ಕದವರು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು. ತುರ್ತಿದ್ದರೆ ಫೋನಿನಲ್ಲಿ ಹೇಳಿದರೂ ಆಯಿತು. ಒಳ್ಳೆಯ ಮನಸ್ಸಿನಿಂದ ಹೇಳಿದವರ ಮೇಲೆ ಕೇಸು ಬೀಳುವುದಿಲ್ಲ. ನಮ್ಮಲ್ಲಿ ಈ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಆಫೀಸು, ನಿಮಗೆಲ್ಲ ದಾರಿ ಗೊತ್ತು. ರಾತ್ರಿಯಾದರೆ 181 ಅಥವಾ 112.

ನಾಲ್ಕನೆಯ ರಾತ್ರಿ ನಾನು ದೀಪ ಹಾಕಿದೆ. ಹೊರಗೆ ಹೋಗಿ ಆಕೆಯ ಪಕ್ಕದಲ್ಲಿ ಕುಳಿತೆ. ಫೋನೂ ಮಾಡಿದೆ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ದೀಪವೂ ಹತ್ತಿತು.

ಆಕೆ ಈಗ ಕೋರ್ಟಿನ ಆದೇಶದ ಮೇಲೆ ಅದೇ ಮನೆಯ ಮೇಲಿನ ಕೋಣೆಯಲ್ಲಿದ್ದಾಳೆ. ಸುಖವಾಗಿದ್ದಾಳೆ ಎನ್ನಲಾರೆ. ಅತ್ತೆ ಮಾತು ಬಿಟ್ಟಿದ್ದಾರೆ. ನೀರಿನ ವಾಲ್ವು ಕೆಳಗಿದೆ, ಕೆಲವು ದಿನ ಅದು ಬಂದಾಗಿರುತ್ತದೆ. ಆಗ ನಮ್ಮ ಮನೆಯಿಂದ ಎರಡು ಕೊಡ ಒಯ್ಯುತ್ತಾಳೆ.

ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಕಂದಾಯದ ರಸೀದಿ ತನ್ನಿ. ಯಾರ ಹೆಸರಿದೆ, ಓದೋಣ.