ಬಾಲದ ಮೂಳೆಯೂ ಕುಟುಂಬದ ಹೆಸರೂ



ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯವರಿಗೆ ಕಲ್ಲಿನಲ್ಲಿ ಉಳಿದ ಹೆಸರಿನ ಬೆಲೆ ಹೇಳಿಕೊಡಬೇಕಿಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನದಿಂದಲೇ ‘ದೇವಾನಾಂಪ್ರಿಯ’ ಎಂದರೆ ಅಶೋಕ ಎಂಬುದು ಖಚಿತವಾಯಿತು. ಆದರೆ ಹಟ್ಟಿ-ಮಸ್ಕಿಯ ಚಿನ್ನದ ಶಿಲೆಗಳಲ್ಲಿ ಡೈನೋಸಾರ್ ಮೂಳೆ ಸಿಗುವುದಿಲ್ಲ. ಆ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅವುಗಳ ಹೆಸರಿನ ಚರಿತ್ರೆಗೆ ಜಬಲ್ಪುರಕ್ಕೆ ಹೋಗಬೇಕು.

1828ರಲ್ಲಿ ಅಲ್ಲಿ ಸ್ಲೀಮನ್ ಎಂಬ ಅಧಿಕಾರಿಗೆ ಕೆಲವು ಮೂಳೆಗಳು ಸಿಕ್ಕವು. ‘ಡೈನೋಸಾರ್’ ಎಂಬ ಹೆಸರು ಆಗಿನ್ನೂ ಹುಟ್ಟಿರಲಿಲ್ಲ. ಅದನ್ನು ರಿಚರ್ಡ್ ಓವನ್ ಕೊಟ್ಟದ್ದು 1842ರಲ್ಲಿ. 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಆ ಪ್ರಾಣಿಯನ್ನು ಟೈಟನೊಸಾರಸ್ ಇಂಡಿಕಸ್ ಎಂದು ಕರೆದರು. ಮುಂದೆ ಅದರ ಮೇಲೆಯೇ ಟೈಟನೊಸಾರಿಡೇ ಎಂಬ ಕುಟುಂಬ ನಿಂತಿತು.

ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮ ಹೀಗಿದೆ: ಪ್ರತಿ ಕುಟುಂಬಕ್ಕೂ ಒಂದು ಕುಲ ಆಧಾರ. ಆ ಕುಲದ ಹೆಸರಿನ ಕೊನೆಯನ್ನು ತೆಗೆದು ‘ಇಡೇ’ ಸೇರಿಸಿದರೆ ಕುಟುಂಬ, ‘ಇನೇ’ ಸೇರಿಸಿದರೆ ಉಪಕುಟುಂಬ. ಆದರೆ ಯಾವ ಪ್ರಾಣಿ ಯಾವ ಕುಟುಂಬದ್ದು ಎಂದು ತೀರ್ಮಾನಿಸುವುದು ಮೂಳೆಯ ಲಕ್ಷಣ. ಗುಜರಾತಿನ ಡೈನೋಸಾರ್ ರಾಜಾಸಾರಸ್‌ಗೆ 2003ರಲ್ಲಿ ಹೆಸರಿಟ್ಟಾಗ ಅದು ಸೇರಿದ್ದು ಅರ್ಜೆಂಟೀನಾದ ಅಬೆಲಿಸಾರಸ್ ಹೆಸರಿನಲ್ಲಿರುವ ಅಬೆಲಿಸಾರಿಡೇ ಕುಟುಂಬಕ್ಕೆ. ಭಾರತವೂ ದಕ್ಷಿಣ ಅಮೆರಿಕವೂ ಒಂದು ಕಾಲಕ್ಕೆ ಗೊಂಡ್ವಾನ ಭೂಖಂಡದ ಭಾಗಗಳಾಗಿದ್ದವು ಎಂಬುದಕ್ಕೆ ಈ ನಂಟೂ ಸಾಕ್ಷಿ.

ಟೈಟನೊಸಾರಸ್ಸಿನ ಗುರುತು ಅದರ ಬಾಲದ ಮೂಳೆ: ಮುಂದೆ ಬಟ್ಟಲಿನಂಥ ತಗ್ಗು, ಹಿಂದೆ ಗುಂಡನೆಯ ಉಬ್ಬು. ಕಾಲ ಕಳೆದಂತೆ ಇದೇ ಆಕಾರದ ಮೂಳೆಗಳು ಹಲವು ದೇಶಗಳ ಬೇರೆ ಬೇರೆ ಪ್ರಾಣಿಗಳಲ್ಲಿ ಕಂಡವು. ಎಲ್ಲದರಲ್ಲೂ ಇರುವ ಲಕ್ಷಣ ಒಂದನ್ನೇ ಗುರುತಿಸಿಕೊಡಲಾರದು. ಹೀಗಾಗಿ 2003ರಲ್ಲಿ ವಿಜ್ಞಾನಿಗಳಾದ ವಿಲ್ಸನ್ ಮತ್ತು ಅಪ್‌ಚರ್ಚ್ ಟೈಟನೊಸಾರಸ್ ಸಂದೇಹಾಸ್ಪದ ಎಂದರು. ಆಧಾರವೇ ಸಡಿಲವಾದ ಕುಟುಂಬದ ಹೆಸರನ್ನು ಹಲವು ವಿಜ್ಞಾನಿಗಳು ಕೈಬಿಟ್ಟರು. ಟೈಟನೊಸಾರಿಯಾ ಎಂಬ ದೊಡ್ಡ ಗುಂಪಿನ ಹೆಸರು ಉಳಿದುಕೊಂಡಿತು. ಕಳೆದೇಹೋಯಿತು ಎಂದುಕೊಂಡಿದ್ದ ಆ ಮೂಲ ಮೂಳೆಗಳಲ್ಲೊಂದು 2012ರಲ್ಲಿ ಕೋಲ್ಕತ್ತಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲಿ ಮತ್ತೆ ಸಿಕ್ಕಿತು.

ಮೂಲ ವಸ್ತು ಕೈಯಲ್ಲಿದ್ದರೆ ಮಾತ್ರ ಹೆಸರನ್ನು ಮರುಪರೀಕ್ಷೆಗೆ ಒಡ್ಡಬಹುದು. ನಮ್ಮ ಸೀಮೆಯಲ್ಲಿ ಡೈನೋಸಾರ್ ಇಲ್ಲದಿರಬಹುದು, ಶಿಲಾಯುಗದ ಕುರುಹುಗಳಿಗೆ ಕೊರತೆಯಿಲ್ಲ. ಹೊಲ ಅಗೆಯುವಾಗ ಹಳೆಯ ಮೂಳೆ, ಮಡಕೆ, ಕಲ್ಲಿನ ಕೊಡಲಿ ಕಂಡರೆ ದಯವಿಟ್ಟು ಒಡೆಯಬೇಡಿ, ಜಾಗ ಬದಲಿಸಬೇಡಿ; ಪುರಾತತ್ವ ಇಲಾಖೆಗೆ ತಿಳಿಸಿ.